ಸೋತರೂ ಬಿಡದ ಊರಿನ ಕೋಚ್ ಸಾಹೇಬರು

ಕೋಚ್ ಸಾಹೇಬರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ. ಸವದತ್ತಿಯಲ್ಲಿ ಪರೀಕ್ಷೆಯ ಕೆಲಸ ಮುಗಿಸಿಕೊಂಡು ಬೈಲಹೊಂಗಲದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಂದು ನಿಂತ ಬಸ್ಸಿನ ಡ್ರೈವರ್ ಸೀಟಿನಿಂದ ದಸ್ತಗೀರ ಇಳಿದ. ಒಂದು ಕಾಲಕ್ಕೆ ನಮ್ಮೂರ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಅವನು. ನನ್ನನ್ನು ಕಂಡವನೇ ನೇರ ಹತ್ತಿರ ಬಂದು, "ಸರ, ನಮ್ಮ ಸಾಹೇಬ್ರು ಹ್ವಾದ್ರಂತ್ರಿ. ಅವರ ತಂಗಿ ಕಾಗದ ಬರದಾರ. ಮೂರು ತಿಂಗಳಾತಂತ," ಎಂದ.

ಇಬ್ಬರೂ ಕ್ಯಾಂಟೀನಿನಲ್ಲಿ ಕೂತು ಚಹಾ ತರಿಸಿದೆವು. ಯಾರೂ ಕುಡಿಯಲಿಲ್ಲ. ದಸ್ತಗೀರನೇ, "ನೀವು ಅವರ ಬಗ್ಗೆ ಬರೀರಿ ಸರ. ನಿಮಗ ಬರಿಯಾಕ ಬರ್ತೈತಿ," ಎಂದ.

"ಬರದ್ರ ಎಲ್ಲಾ ಬರೀಬೇಕಾಗ್ತೈತೋ ದಸ್ತಗೀರ."

"ಬರೀರಿ. ಅದಕ್ಕೇನಾಗ್ತೈತಿ?"

ಅದಕ್ಕೆ ಏನಾಗುತ್ತದೆ ಎನ್ನುವುದು ಗೊತ್ತಿದ್ದದ್ದರಿಂದಲೇ ಇಷ್ಟು ವರ್ಷ ಬರೆಯಲಿಲ್ಲ.

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಮ್ಮೂರಲ್ಲಿ ಯಾರೂ ಅವರನ್ನು ಆ ಹೆಸರಿನಿಂದ ಕರೆದದ್ದೂ ಇಲ್ಲ. ಅವರು ಇಂಗ್ಲೆಂಡಿನವರು. ಉತ್ತರದ ಕಡೆಯ ಒಂದು ಕಲ್ಲಿದ್ದಲ ಗಣಿಯ ಊರು ಅವರದು. ಹದಿನಾರನೆಯ ವಯಸ್ಸಿಗೆ ಫುಟ್‌ಬಾಲ್ ಕ್ಲಬ್ಬು ಸೇರಿ, ಹತ್ತು ಹನ್ನೆರಡು ವರ್ಷ ಕೆಳಗಿನ ಡಿವಿಜನ್ನುಗಳಲ್ಲಿ ಆಡಿ, ಮೊಣಕಾಲು ಮುರಿದುಕೊಂಡು ಆಟ ಬಿಟ್ಟವರು. ಆಮೇಲೆ ದೇಶದೇಶ ತಿರುಗಿ ತಂಡಗಳನ್ನು ನಡೆಸಿದರು. ಒಂದು ದ್ವೀಪ, ಆಫ್ರಿಕಾದ ಒಂದು ತಾಮ್ರದ ಗಣಿಯ ಊರು, ಒಂದು ಅರಬ್ ದೇಶ, ಪೂರ್ವದ ಇನ್ನಾವುದೋ ದೇಶ, ಕೊನೆಗೆ ಗೋವಾ. ಗೋವಾದಿಂದ ಬೈಲಹೊಂಗಲಕ್ಕೆ ಬಂದಾಗ ಅವರಿಗೆ ಐವತ್ತರ ಮೇಲಾಗಿತ್ತು.

ಅವರನ್ನು ತಂದವರು ನಮ್ಮ ಚೇರ್ಮನ್ನರು. ಹತ್ತಿಯ ಜಿನ್ನಿಂಗ್ ಮಿಲ್ಲು, ಎರಡು ಸಾಲೆ, ಒಂದು ಕಾಲೇಜು ಅವರವು. ಬೆಳಗಾವಿಯಲ್ಲಿ ತಮ್ಮ ಬೀಗರ ಊರಿನ ತಂಡ ನಮ್ಮ ಕಾಲೇಜಿನ ತಂಡವನ್ನು ಒಂಬತ್ತು ಗೋಲುಗಳಿಂದ ಹೊಡೆದು ಕಳಿಸಿದಾಗ ಚೇರ್ಮನ್ನರು ಊಟ ಬಿಟ್ಟಿದ್ದರಂತೆ. ಗೋವಾದ ಒಂದು ಮದುವೆಯಲ್ಲಿ ಈ ಸಾಹೇಬರ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಜೀಪಿನಲ್ಲಿ ಕೂರಿಸಿಕೊಂಡೇ ಬಂದರು. ಅವರಿಗಿಂತ ಮೊದಲು ಬಂದಿದ್ದ ಕೋಚ್ ಒಬ್ಬ ಹಬ್ಬಕ್ಕೆ ಊರಿಗೆ ಹೋಗಿಬರುತ್ತೇನೆಂದು ಹೇಳಿ ಹೋದವನು ತಿರುಗಿ ಬಂದಿರಲಿಲ್ಲ. ಹಾಗಾಗಿ ಈ ಸಾರಿ ಚೇರ್ಮನ್ನರು ಮೊದಲ ದಿನವೇ, "ಕಾಗದಪತ್ರ ಮಾಡಿಸಬೇಕು," ಎಂದು ಸಾಹೇಬರ ಪಾಸ್‌ಪೋರ್ಟ್ ಇಸಿದುಕೊಂಡು ತಮ್ಮ ಮನೆಯ ತಿಜೋರಿಯಲ್ಲಿಟ್ಟರು.

ನಾನು ಆಗ ಅವರ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರ. ಆರು ವರ್ಷದಿಂದ ಟೆಂಪರರಿ. ಚೇರ್ಮನ್ನರು ಕರೆಸಿ, "ಮಾಸ್ತರ, ಇನ್ನ ಮ್ಯಾಲ ಸಾಹೇಬ್ರ ಬಾಯಿ ನೀವು, ನಮ್ಮ ಕಿವಿ ನೀವು," ಎಂದರು. ದೊಡ್ಡ ಗೌರವವೆಂದು ಹಿಗ್ಗಿದೆ.

ನಿಜ ಹೇಳಬೇಕೆಂದರೆ ಮೊದಲ ಒಂದು ತಿಂಗಳು ಸಾಹೇಬರ ಇಂಗ್ಲಿಷು ನನಗೆ ಅರ್ಧವೂ ತಿಳಿಯಲಿಲ್ಲ. ನಾನು ಕಲಿತದ್ದು ಗೈಡುಗಳ ಇಂಗ್ಲಿಷು. ಅವರದು ಗಣಿಯ ಊರಿನ ಇಂಗ್ಲಿಷು, ಅರ್ಧ ಮಾತು ಗಂಟಲಿನಲ್ಲೇ ಉಳಿಯುತ್ತಿತ್ತು. ತಿಳಿಯದ್ದನ್ನು ತಿಳಿಯಲಿಲ್ಲ ಎನ್ನಲು ನನಗೆ ಧೈರ್ಯವಿರಲಿಲ್ಲ. ಅವರು ಏನೋ ಹೇಳುತ್ತಿದ್ದರು, ನಾನು ಏನೋ ಹೇಳುತ್ತಿದ್ದೆ. ಹುಡುಗರು ಓಡುತ್ತಿದ್ದರು. ಒಮ್ಮೆ ಅವರು ಎಡಗಡೆಯಿಂದ ದಾಳಿ ಮಾಡಿ ಎಂದದ್ದನ್ನು ನಾನು, "ಎಡಗಡೆ ಯಾರೂ ಹೋಗಬ್ಯಾಡ್ರಿ ಅಂತಾರ," ಎಂದಿದ್ದೆ. ಹೀಗೆ ತಿಳಿಯದೆ ಶುರುವಾದ ಚಾಳಿ ಆಮೇಲೆ ತಿಳಿದೂ ಮುಂದುವರಿಯಿತು.

ಮಿಲ್ಲಿನ ಹಿಂದಿನ ಬಯಲೇ ಅವರ ಮೈದಾನ. ಹಂಗಾಮಿನಲ್ಲಿ ಹತ್ತಿಯ ಎಳೆಗಳು ಹಾರಿಬಂದು ಅವರ ಹುಬ್ಬಿನ ಮೇಲೆ, ನೀಲಿ ಸ್ವೆಟರಿನ ಮೇಲೆ ಕೂರುತ್ತಿದ್ದವು. ಬೇಸಿಗೆಯಲ್ಲೂ ಆ ಸ್ವೆಟರನ್ನು ಅವರು ಬಿಟ್ಟದ್ದು ಕಾಣೆ. ತೊಡದಿದ್ದರೆ ಹೆಗಲ ಮೇಲಾದರೂ ಇರುತ್ತಿತ್ತು. ಕೊರಳಲ್ಲಿ ಸೀಟಿ ಇತ್ತು, ಊದುತ್ತಿರಲಿಲ್ಲ. ಎರಡು ಸಾರಿ ಚಪ್ಪಾಳೆ ತಟ್ಟಿದರೆ ನಿಲ್ಲಬೇಕು, ಒಂದು ಸಾರಿ ತಟ್ಟಿದರೆ ಓಡಬೇಕು. ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೆರೆಯ ಪಕ್ಕ ನಿಲ್ಲುವರು. ನಡುನಡುವೆ ಬಲಗೈ ತಾನಾಗಿ ಎದೆಯ ಜೇಬಿಗೆ ಹೋಗಿ ಮುಟ್ಟಿನೋಡಿ ವಾಪಸು ಬರುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ. ಇಪ್ಪತ್ತು ವರ್ಷ ಅಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಓಡಾಡಿದ ಕೈ ಅದು.

ದಸ್ತಗೀರನನ್ನು ಕಂಡುಹಿಡಿದವರು ಅವರೇ. ಅವನ ಮನೆತನದವರು ಹತ್ತಿ ಹಿಂಜಿ ಗಾದಿ ಹೊಲಿಯುವವರು. ಹುಟ್ಟಿದಾಗಿನಿಂದ ಹತ್ತಿಯ ರಾಶಿಯ ಮೇಲೆ ಬಿದ್ದು ಎದ್ದು ಬೆಳೆದವನಿಗೆ ನೆಲಕ್ಕೆ ಬೀಳುವ ಹೆದರಿಕೆಯೇ ಇರಲಿಲ್ಲ. ಗಾದಿ ಹೊತ್ತುಕೊಂಡು ಮಿಲ್ಲಿನ ದಾರಿಯಲ್ಲಿ ಹೊರಟವನು ತನ್ನ ಕಡೆ ಬಂದ ಚೆಂಡನ್ನು ಗಾದಿ ಇಳಿಸದೆ ಒಂದೇ ಕೈಯಲ್ಲಿ ತಡೆದ. ಸಾಹೇಬರು ಎರಡು ಚಪ್ಪಾಳೆ ತಟ್ಟಿ ಇಡೀ ಆಟ ನಿಲ್ಲಿಸಿದರು. ಮರುದಿನದಿಂದ ಅವನು ಗೋಲಿನಲ್ಲಿ ನಿಂತ. ಅವನಿಗೆ ಅವರು ಹಾರುವುದನ್ನು ಕಲಿಸಿದರು, ಅವನು ಅವರಿಗೆ ದಿನಕ್ಕೆ ಐದು ಕನ್ನಡ ಮಾತು ಕಲಿಸಿದ. "ಮೈದಾನ ದೊಡ್ಡದೈತಿ, ಅಂಜಬ್ಯಾಡ್ರಿ," ಎನ್ನುವುದು ಅವರು ಪೂರ್ತಿ ಕಲಿತ ಮೊದಲ ವಾಕ್ಯ.

ಅವರು ತಮ್ಮ ಕೆಲಸದ ಕಥೆಯನ್ನು ಹೇಳುವ ರೀತಿಯೇ ಬೇರೆ. ಎಲ್ಲಿ ಗೆದ್ದೆ ಎಂದು ಎಂದೂ ಹೇಳಲಿಲ್ಲ. ಎಲ್ಲಿ ಹೇಗೆ ಕೆಲಸದಿಂದ ತೆಗೆದರು ಎಂದು ಹೇಳುತ್ತಿದ್ದರು. ದ್ವೀಪದಲ್ಲಿ ಬಾಗಿಲ ಕೆಳಗಿನಿಂದ ಚೀಟಿ ಸರಿಸಿದ್ದರಂತೆ. ತಾಮ್ರದ ಊರಿನಲ್ಲಿ ಕಾರಿನ ಡ್ರೈವರು ಮೈದಾನದ ದಾರಿ ಬಿಟ್ಟು ಸೀದಾ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ನಿಮಗೆ ಹೇಳಿಲ್ಲವೇ ಎಂದು ಕೇಳಿದನಂತೆ. ಗೋವಾದಲ್ಲಿ ಕ್ಲಬ್ಬಿನ ಮಾಲೀಕ ಅಪ್ಪಿಕೊಂಡು ಅತ್ತು, ಕಣ್ಣೊರೆಸಿಕೊಂಡು, ಹೋಗಿಬನ್ನಿ ಎಂದನಂತೆ. "ನಾಲ್ಕು ಮ್ಯಾಚು ಸೋತರೆ ಪೆಟ್ಟಿಗೆ ಕಟ್ಟಬೇಕು. ಅದಕ್ಕೇ ನಾನು ಪೆಟ್ಟಿಗೆ ಬಿಚ್ಚುವುದೇ ಇಲ್ಲ," ಎನ್ನುತ್ತಿದ್ದರು. ಮಿಲ್ಲಿನ ಆವರಣದಲ್ಲಿ ಚೇರ್ಮನ್ನರು ಕಟ್ಟಿಸಿಕೊಟ್ಟಿದ್ದ ಅವರ ಕೋಣೆಯಲ್ಲಿ ಆ ಪೆಟ್ಟಿಗೆ ಬಾಗಿಲ ಪಕ್ಕದಲ್ಲೇ ಇರುತ್ತಿತ್ತು.

ಆದರೆ ಬೈಲಹೊಂಗಲದಲ್ಲಿ ಆ ಕಾನೂನು ನಡೆಯಲಿಲ್ಲ. ಮೊದಲ ವರ್ಷ ನಾವು ಬೆಳಗಾವಿಯಲ್ಲಿ ಸೋತೆವು, ಧಾರವಾಡದಲ್ಲಿ ಸೋತೆವು, ಸಂಪಗಾಂವದ ಹುಡುಗರ ಮುಂದೆಯೂ ಸೋತೆವು. ಸೋತು ಬಂದ ಪ್ರತಿ ಸಾರಿಯೂ ಚೇರ್ಮನ್ನರು ಮಿಲ್ಲಿನ ಗೇಟಿನಲ್ಲಿ ಹಾರ ಹಿಡಿದು ನಿಂತಿರುತ್ತಿದ್ದರು. "ಸೋಲು ಗೆಲುವು ಇದ್ದದ್ದ. ಸಾಹೇಬ್ರು ನಮ್ಮವ್ರು!" ಎಂದು ಹಾರ ಹಾಕುವರು. ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡ ಸಾಹೇಬರು ನನ್ನ ಕಡೆ ಬಗ್ಗಿ, "ನಾನು ಇನ್ನೆಷ್ಟು ಸೋಲಬೇಕು?" ಎಂದು ಕೇಳಿದ್ದರು. ತಮಾಷೆಯೆಂದುಕೊಂಡು ನಾನು ನಕ್ಕೆ.

ಊರವರಿಗೆ ಸಾಹೇಬರೆಂದರೆ ಪ್ರೀತಿ. ಮದುವೆಗಳಲ್ಲಿ ಮದುಮಗನ ಪಕ್ಕದ ಕುರ್ಚಿ ಅವರಿಗೆ. ಗಿರಣಿ ಚಾಲೂ ಮಾಡಲು, ಗೊಬ್ಬರದ ಅಂಗಡಿಯ ರಿಬ್ಬನ್ ಕತ್ತರಿಸಲು ಅವರೇ ಬೇಕು. ಚೇರ್ಮನ್ನರ ಜೀಪು ಬರುತ್ತಿತ್ತು, ಅವರು ಹತ್ತುತ್ತಿದ್ದರು. ಎಲ್ಲಿಗೆಂದು ಮೊದಮೊದಲು ಕೇಳುತ್ತಿದ್ದರು, ಆಮೇಲೆ ಕೇಳುವುದನ್ನೂ ಬಿಟ್ಟರು. ಒಬ್ಬರೇ ಬಸ್ಸು ಹತ್ತಿ ಬೆಳಗಾವಿಗೆ ಹೊರಟರೆ ಕಂಡಕ್ಟರನೇ ಇಳಿಸಿ, "ಚೇರ್ಮನ್ರ ಗಾಡಿ ಬರ್ತೈತಿ, ಕುಂತ್ರಿ ಸಾಹೇಬ್ರ. ನಿಮಗ್ಯಾಕ ತ್ರಾಸ?" ಎನ್ನುತ್ತಿದ್ದ.

ಒಮ್ಮೆ ಕಿತ್ತೂರಿನಲ್ಲಿ ಮ್ಯಾಚಿತ್ತು. ಮೈದಾನದ ಅಂಚಿನಲ್ಲಿ ಕೂತಿದ್ದ ಮುದುಕನೊಬ್ಬ ಇವರನ್ನು ನೋಡಿ, "ಏ, ಇಂಗ್ರೇಜಿನವ್ರು ಮತ್ತ ಬಂದ್ರಲೇ! ಕ್ವಾಟಿ ಬಾಗಿಲಾ ಹಾಕ್ರಿ!" ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಏನೆಂದು ಸಾಹೇಬರು ಕೇಳಿದರು. ಆಟ ಮುಗಿದ ಮೇಲೆ ಅವರನ್ನು ಪಾಳುಬಿದ್ದ ಕೋಟೆಗೆ ಕರೆದುಕೊಂಡು ಹೋಗಿ ರಾಣಿಯ ಕಥೆ ಹೇಳಿದೆ. ಇಂಗ್ಲಿಷರ ವಿರುದ್ಧ ಕಾದಾಡಿದ್ದು, ಸೋತ ಮೇಲೆ ಅವಳನ್ನು ಬೈಲಹೊಂಗಲಕ್ಕೆ ತಂದು ಸೆರೆಯಲ್ಲಿಟ್ಟದ್ದು, ಅಲ್ಲೇ ಅವಳು ಪ್ರಾಣ ಬಿಟ್ಟದ್ದು.

"ನಮ್ಮವರು ಅವಳನ್ನು ಇಟ್ಟದ್ದು ಬೈಲಹೊಂಗಲದಲ್ಲೇ?" ಎಂದು ಕೇಳಿದರು.

"ಹೌದು."

"ಚೇರ್ಮನ್ನರಿಗೆ ಇದು ಗೊತ್ತೇ?"

"ಪ್ರತಿವರ್ಷ ಅವಳ ಬಗ್ಗೆ ಭಾಷಣ ಮಾಡುತ್ತಾರೆ."

ಅವರು ಕೋಟೆಯ ಗೋಡೆಗೆ ಕೈ ಕೊಟ್ಟು ನಿಂತು ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದೆ.

ಪಾಸ್‌ಪೋರ್ಟಿನ ಮಾತು ಮೊದಲು ಬಂದದ್ದು ಎರಡನೆಯ ವರ್ಷ. ಬೆಳಗಾವಿಯ ಕಚೇರಿಯಲ್ಲಿ ಪರದೇಶದವರ ನೋಂದಣಿ ಮಾಡಿಸಬೇಕಿತ್ತು. ಚೇರ್ಮನ್ನರ ಮನುಷ್ಯ ಪಾಸ್‌ಪೋರ್ಟನ್ನು ತನ್ನ ಚೀಲದಲ್ಲಿಟ್ಟುಕೊಂಡು ಬಂದ, ತೋರಿಸಿದ, ತಿರುಗಿ ಚೀಲದಲ್ಲಿಟ್ಟುಕೊಂಡ. ಸಾಹೇಬರ ಕೈ ಅದನ್ನು ಮುಟ್ಟಲೂ ಇಲ್ಲ. ಅಲ್ಲೇ ದೂರು ಹೇಳಬಹುದಿತ್ತಲ್ಲ ಎಂದು ಆಮೇಲೆ ಕೇಳಿದೆ. ಅರಬ್ ದೇಶದಲ್ಲಿ ಇಂಥದೇ ದೂರು ಕೊಟ್ಟು ಮೂರು ವಾರ ಲಾಕಪ್ಪಿನಲ್ಲಿ ಮಲಗಿದ್ದೆ ಎಂದರು. ಆಮೇಲೆ ಚೇರ್ಮನ್ನರ ಮನೆಗೆ ಹೋಗಿ, ಎದುರು ಕೂತು, ನನಗೆ ಹೇಳಿದರು: "ಅವರಿಗೆ ಹೇಳಿ, ನನ್ನ ಪಾಸ್‌ಪೋರ್ಟ್ ನನಗೆ ಬೇಕು. ಅದು ಕೈಯಲ್ಲಿಲ್ಲದ ಮನುಷ್ಯ ಕೈದಿ. ಹೀಗೇ ಹೇಳಿ."

ಆ ಹೊತ್ತಿಗೆ ಅವರ ಇಂಗ್ಲಿಷು ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಚೇರ್ಮನ್ನರಿಗೆ ಎದುರು ಮಾತಾಡಿದ್ದ ಡ್ರಾಯಿಂಗ್ ಮಾಸ್ತರು ಮರುದಿನವೇ ನೌಕರಿ ಕಳೆದುಕೊಂಡು ಮನೆಗೆ ಹೋದದ್ದು ನನಗೆ ಗೊತ್ತಿತ್ತು. ಮಾತು ಯಾರದೇ ಇರಲಿ, ಹೊರಡುವ ಬಾಯಿ ನನ್ನದು. ನಾನು ಹೇಳಿದೆ:

"ತಮ್ಮ ಪಾಸ್‌ಪೋರ್ಟ್ ಜ್ವಾಕಿ ಐತಿಲ್ಲೊ ಅಂತ ಕೇಳಾಕತ್ತಾರ್ರಿ."

ಚೇರ್ಮನ್ನರ ಮುಖ ಅರಳಿತು. "ಅವರಿಗೆ ಹೇಳ್ರಿ ಮಾಸ್ತರ, ನಮ್ಮವ್ವನ ಬಂಗಾರದ ಮಗ್ಗಲಕ್ಕ ಇಟ್ಟೇನಿ. ಎಳ್ಳಷ್ಟೂ ಚಿಂತಿ ಬ್ಯಾಡ ಅನ್ರಿ."

ನಾನು ಸಾಹೇಬರ ಕಡೆ ತಿರುಗಿ, "ಈ ಹಂಗಾಮು ಮುಗಿದ ಮೇಲೆ ಕೊಡುತ್ತಾರಂತೆ," ಎಂದೆ.

ಸಾಹೇಬರು ಎದ್ದು ಚೇರ್ಮನ್ನರ ಕೈ ಕುಲುಕಿದರು. ಇಬ್ಬರೂ ಒಬ್ಬರಿಗೊಬ್ಬರು ಕೃತಜ್ಞರಾಗಿದ್ದರು. ನಾನು ಚಹಾದ ಬಟ್ಟಲಲ್ಲಿ ಮುಖ ಇಟ್ಟೆ.

ಬಾಗಿಲ ಬಳಿ ದಸ್ತಗೀರ ನಿಂತಿದ್ದ, ಚೇರ್ಮನ್ನರ ಮನೆಗೆ ಹೊಸ ಗಾದಿ ತಂದಿದ್ದ. ಅವನು ಎಷ್ಟು ಕೇಳಿಸಿಕೊಂಡ, ಸಾಹೇಬರಿಗೆ ಏನು ಹೇಳಿದ, ನನಗೆ ಗೊತ್ತಿಲ್ಲ. ನಾನು ಎಂದೂ ಕೇಳಿಲ್ಲ. ಆದರೆ ಆ ತಿಂಗಳಿಂದ ಸಾಹೇಬರ ಕನ್ನಡದ ಪಾಠ ದಿನಕ್ಕೆ ಐದು ಮಾತಿನಿಂದ ಇಪ್ಪತ್ತಕ್ಕೆ ಏರಿತು. ನಾನದನ್ನು ಹವ್ಯಾಸವೆಂದುಕೊಂಡೆ.

ಹಂಗಾಮು ಮುಗಿಯಿತು, ಮತ್ತೊಂದು ಶುರುವಾಯಿತು. ಸಾಹೇಬರು ನನ್ನನ್ನು ಕೇಳಲಿಲ್ಲ. ಒಂದು ದಿನ ಅವರ ಕೋಣೆಗೆ ಹೋದಾಗ ಪೆಟ್ಟಿಗೆ ಖಾಲಿಯಾಗಿತ್ತು. ಅಂಗಿಗಳೆಲ್ಲ ಗೋಡೆಯ ಗೂಟಗಳಲ್ಲಿ ತೂಗುತ್ತಿದ್ದವು. ನೋಡಿ ನನಗೆ ಯಾಕೋ ಸಂಕಟವಾಯಿತು.

ಪ್ರತಿ ಭಾನುವಾರ ಬಜಾರದ ಟೆಲಿಫೋನ್ ಬೂತಿನಿಂದ ಅವರು ಊರಿಗೆ ಮಾತಾಡುತ್ತಿದ್ದರು. ಅಲ್ಲಿ ಅವರ ತಾಯಿ ಇದ್ದರು, ಎಂಬತ್ತು ದಾಟಿದವರು, ತಂಗಿಯ ಮನೆಯಲ್ಲಿ. ಮೂರನೆಯ ವರ್ಷದ ಒಂದು ಭಾನುವಾರ ಬೂತಿನ ಗಾಜಿನ ಬಾಗಿಲು ತೆಗೆದು ಹೊರಬಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ತಾಯಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಏಳುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು.

"ಇವತ್ತೇ ಚೇರ್ಮನ್ನರಿಗೆ ಹೇಳಿ. ನೀವೇ ಹೇಳಿ. ನನ್ನ ಕನ್ನಡ ಇಷ್ಟಕ್ಕೆ ಸಾಲದು," ಎಂದರು.

ನಾನು ಹೋದೆ. ಆ ತಿಂಗಳ ಕೊನೆಗೆ ಆಡಳಿತ ಮಂಡಳಿಯ ಸಭೆಯಿತ್ತು. ನನ್ನ ನೌಕರಿ ಖಾಯಂ ಮಾಡುವ ವಿಷಯ ಅದರಲ್ಲಿ ಬರಲಿತ್ತು. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ರಾಮದುರ್ಗದಲ್ಲಿ ದೊಡ್ಡ ಪಂದ್ಯಾವಳಿ ಗೊತ್ತಾಗಿತ್ತು, ಚೇರ್ಮನ್ನರು ಅದರದೇ ಗುಂಗಿನಲ್ಲಿದ್ದರು. ಸಾಹೇಬರು ಹೋಗಬೇಕೆನ್ನುತ್ತಾರೆ ಎಂದರೆ ಮೊದಲು ಸಿಟ್ಟು ಬರುವುದು ನನ್ನ ಮೇಲೆ. ಹೀಗೆಲ್ಲ ದಾರಿಯುದ್ದಕ್ಕೂ ಯೋಚಿಸುತ್ತ ಹೋದವನು ಚೇರ್ಮನ್ನರ ಮುಂದೆ ನಿಂತು, "ಸಾಹೇಬ್ರಿಗೆ ಯಾಕೋ ಊರ ನೆನಪಾಗೇತ್ರಿ," ಎಂದೆ.

"ಹೌದೇನು? ಪಾಪ. ಭಾಳ ದಿನಾ ಒಂದ ಕಡೆ ಕುಂತ್ರ ಹಂಗ ಆಗ್ತೈತಿ," ಎಂದ ಚೇರ್ಮನ್ನರು ಮರುದಿನವೇ ಜೀಪು ಕಳಿಸಿ, ಸಾಹೇಬರನ್ನೂ ನನ್ನನ್ನೂ ಸವದತ್ತಿಯ ಕಡೆ ಅಣೆಕಟ್ಟು ತೋರಿಸಲು ಕರೆದೊಯ್ದರು. ರೊಟ್ಟಿ, ಶೇಂಗಾದ ಹಿಂಡಿ, ಎಣ್ಣೆಗಾಯಿ ಪಲ್ಯದ ಬುತ್ತಿ. ಸಾಹೇಬರು ತುತ್ತೂ ಮುಟ್ಟದೆ ನೀರಿನ ಕಡೆ ನೋಡುತ್ತ ಕೂತಿದ್ದರು. ಚೇರ್ಮನ್ನರು ನನ್ನನ್ನು ಬದಿಗೆ ಕರೆದು, "ನೋಡ್ರಿ, ಮನಸ್ಸಿಗೆ ಎಷ್ಟ್ ಸಮಾಧಾನ ಆಗೇತಿ," ಎಂದರು. ವಾಪಸು ಬರುವಾಗ ಸಾಹೇಬರು ಕೇಳಿದರು: "ಅವರು ಏನಂದರು?"

"ಪಂದ್ಯಾವಳಿ ಮುಗಿದ ಕೂಡಲೇ ಕಳಿಸುತ್ತಾರಂತೆ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

ಪಂದ್ಯಾವಳಿಗೆ ಇನ್ನೂ ಏಳು ವಾರವಿತ್ತು. ಆ ಏಳು ವಾರಗಳಲ್ಲಿ ನನ್ನ ನೌಕರಿ ಖಾಯಂ ಆಯಿತು. ಸಿಹಿ ಹಂಚಿದೆ. ಸಾಹೇಬರೂ ಒಂದು ಪೇಡೆ ತಿಂದು, "ಒಳ್ಳೇದಾತ್ರಿ ಮಾಸ್ತರ," ಎಂದು ಕನ್ನಡದಲ್ಲೇ ಹೇಳಿದರು. ಖಾಯಂ ಆದ ಮೇಲೆ ಹೇಳುತ್ತೇನೆಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಖಾಯಂ ಆಗಿ ಹತ್ತು ದಿನವಾದರೂ ಹೇಳಲಿಲ್ಲ. ಈಗ ಹೇಳಿದರೆ ಮೊದಲೇಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ! ಒಂದು ಸುಳ್ಳು ಹೇಳಿದವನು ಆ ಸುಳ್ಳಿನ ಹಗೇವಿನೊಳಗೇ, ಕಾಳು ತುಂಬುವ ನೆಲಗುಂಡಿಯೊಳಗೆ ಬಿದ್ದವನಂತೆ, ಕೂತಿರಬೇಕಾಗುತ್ತದೆ. ಮೇಲೆ ಹತ್ತಿ ಬರಲು ಏಣಿ ಇರುವುದಿಲ್ಲ.

ರಾಮದುರ್ಗದಲ್ಲಿ ನಾವು ಫೈನಲ್ ತನಕ ಬಂದೆವು. ಆ ದಿನ ಸಾರಿಗೆ ಸಂಸ್ಥೆಯ ತಂಡದವರು, ನೌಕರಿ ಕೊಟ್ಟು ತಮ್ಮಲ್ಲಿ ಆಡಿಸಲು, ಹುಡುಗರನ್ನು ಆರಿಸಲು ಬಂದು ಕೂತಿದ್ದರು. ಗೋಲ್‌ಕೀಪರ್ ಬೇಕಾಗಿದ್ದಾನೆ ಎನ್ನುವ ಸುದ್ದಿ ಮೊದಲೇ ಬಂದಿತ್ತು. ದಸ್ತಗೀರನ ತಂದೆ ಬೆಳಗಿನ ಬಸ್ಸಿಗೇ ಬಂದು ಮೈದಾನದ ಅಂಚಿನಲ್ಲಿ ಟವೆಲು ಹಾಸಿ ಕೂತಿದ್ದರು.

ಆಟ ಶುರುವಾಗುವ ಮೊದಲು ಸಾಹೇಬರು ನನಗೆ ಹೇಳಿದರು: "ಇವತ್ತು ನಾನು ಕೆಲಸ ಕಳೆದುಕೊಳ್ಳುತ್ತೇನೆ. ಇಷ್ಟು ಜನರ ಮುಂದೆ, ಫೈನಲ್ಲಿನಲ್ಲಿ, ಇಷ್ಟು ಕೆಟ್ಟದಾಗಿ ಸೋತರೆ ನಿಮ್ಮ ಚೇರ್ಮನ್ನರೂ ನನ್ನನ್ನು ಇಟ್ಟುಕೊಳ್ಳಲಾರರು."

ಅವರು ದಸ್ತಗೀರನನ್ನು ಬೆಂಚಿನ ಮೇಲೆ ಕೂರಿಸಿದರು. ಬದಲಿಗೆ ಚೆಂಡು ಬಂದರೆ ಕಣ್ಣು ಮುಚ್ಚುವವನನ್ನು ಗೋಲಿನಲ್ಲಿ ನಿಲ್ಲಿಸಿದರು. ಅರ್ಧ ಆಟಕ್ಕೆ ಎರಡು ಗೋಲು ಬಿದ್ದವು. ಚೇರ್ಮನ್ನರು ಪೆಂಡಾಲಿನಲ್ಲಿ ಎದ್ದು ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು. ಸಾಹೇಬರು ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕಲ್ಲಿನಂತೆ ನಿಂತಿದ್ದರು.

ಹಾಫ್ ಟೈಮಿನಲ್ಲಿ ಹುಡುಗರು ನೀರು ಕುಡಿಯಲು ಬಂದರು. ಯಾಕೆ ಕೂರಿಸಿದಿರಿ ಎಂದು ದಸ್ತಗೀರ ಕೇಳಲಿಲ್ಲ. ಅವನು ಬೂಟಿನ ದಾರ ಬಿಗಿದು, ಕೈಗವಸು ಹಾಕಿಕೊಂಡು, ಯಾವ ಹೊತ್ತಿಗಾದರೂ ಏಳುವವನಂತೆ ಬೆಂಚಿನ ತುದಿಯಲ್ಲಿ ಕೂತಿದ್ದ. ಆ ಕಡೆ ಟವೆಲಿನ ಮೇಲೆ ಕೂತಿದ್ದ ಅವನ ತಂದೆ ಎದ್ದು ನಿಂತು ಈ ಕಡೆಯೇ ನೋಡುತ್ತಿದ್ದರು.

ಸಾಹೇಬರು ನೆಲ ನೋಡಿದರು, ಆಕಾಶ ನೋಡಿದರು. ಇಂಗ್ಲಿಷಿನಲ್ಲಿ ಒಂದು ಕೆಟ್ಟ ಮಾತು ಆಡಿದರು. ಆಮೇಲೆ ದಸ್ತಗೀರನ ಹೆಗಲ ಮೇಲೆ ಕೈ ಇಟ್ಟು, "ಏಳೋ. ಮೈದಾನ ದೊಡ್ಡದೈತಿ," ಎಂದರು.

ಉಳಿದ ಅರ್ಧದಲ್ಲಿ ಒಂದು ಚೆಂಡೂ ಅವನನ್ನು ದಾಟಲಿಲ್ಲ. ಒಂದು ಪೆನಾಲ್ಟಿಯನ್ನು ಅವನು ಮೈಯೆಲ್ಲ ಚಾಚಿ ಬೆರಳ ತುದಿಯಿಂದ ತಳ್ಳಿದ. ಅದನ್ನು ನೋಡಿ ನಮ್ಮ ಹುಡುಗರ ಮೈಯಲ್ಲಿ ಏನು ಬಂತೋ, ದೊಡವಾಡದ ಹುಡುಗನೊಬ್ಬ ಎರಡು ಗೋಲು ಹೊಡೆದ, ಕೊನೆಯ ನಿಮಿಷಕ್ಕೆ ಇನ್ನೊಬ್ಬ ಮೂರನೆಯದನ್ನು ಹೊಡೆದ. ಗುಲಾಲು ಹಾರಿತು. ಹಲಗಿ ಬಾರಿಸುವವರು ಮೈದಾನಕ್ಕೇ ನುಗ್ಗಿದರು. ಸಾರಿಗೆ ಸಂಸ್ಥೆಯವರು ದಸ್ತಗೀರನ ಹೆಸರು, ಊರು ಬರೆದುಕೊಂಡರು.

ಚೇರ್ಮನ್ನರು ಮೈಕು ಹಿಡಿದು, ಗುಲಾಲಿನ ಮುಖದಲ್ಲಿ ಕಣ್ಣೀರು ಸುರಿಸುತ್ತ, "ನಮ್ಮ ಸಾಹೇಬ್ರು ಇನ್ನ ಐದ ವರ್ಷ ಎಲ್ಲೂ ಹೋಗಾಂಗಿಲ್ಲ! ಬೈಲಹೊಂಗಲ ಬಿಟ್ಟು ಎಲ್ಲೂ ಹೋಗಾಂಗಿಲ್ಲ!" ಎಂದು ಸಾರಿದರು. ಜನ ಸೀಟಿ ಹೊಡೆದರು. ಸಾಹೇಬರು ನನ್ನ ಕಡೆ ತಿರುಗಲಿಲ್ಲ. ಅವರಿಗೆ ನನ್ನ ಅಗತ್ಯವಿರಲಿಲ್ಲ, ಆ ಮಾತು ಪೂರ್ತಿ ತಿಳಿದಿತ್ತು.

ಮರುದಿನ ಮುಂಜಾನೆ ಚೇರ್ಮನ್ನರ ಮನೆಯಲ್ಲಿ ಸತ್ಕಾರ. ಚೇರ್ಮನ್ನರ ತಾಯಿ ಆರತಿಯ ತಟ್ಟೆ ಹಿಡಿದು ಬಂದರು. ಊರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿತ್ತು. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ಸಾಹೇಬರಿಗೆ ಕುಂಕುಮ ಹಚ್ಚಿ ಆರತಿ ಬೆಳಗಿ ಮುಗಿಯುವಷ್ಟರಲ್ಲಿ ಅವರು ಕುರ್ಚಿಯಿಂದ ಇಳಿದು, ಆ ಮುರಿದ ಮೊಣಕಾಲನ್ನು ಮಡಿಸಲಾರದೆ ಮಡಿಸಿ, ದೊಡ್ಡವ್ವನ ಮುಂದೆ ನೆಲದ ಮೇಲೆ ಕೂತರು. ಕನ್ನಡದಲ್ಲಿ, ಒಂದೊಂದೇ ಮಾತು ಜೋಡಿಸಿ ಹೇಳಿದರು:

"ದೊಡ್ಡವ್ವಾರ, ನಮ್ಮವ್ವ ಬಿದ್ದಾಳ್ರಿ. ಹಾಸಗಿ ಹಿಡದಾಳ. ನಾ ಹೋಗಬೇಕ್ರಿ. ನನ್ನ ಪಾಸ್‌ಪೋರ್ಟ್ ಕೊಡಸ್ರಿ."

ಮನೆ ತುಂಬ ಜನ. ದೊಡ್ಡವ್ವ ಅವರ ಕಡೆ ಬಗ್ಗಿ ಕೇಳಿದರು:

"ಎಂದ ಬಿದ್ದಾಳಪಾ?"

"ಎರಡ ತಿಂಗಳಾತ್ರಿ."

ದೊಡ್ಡವ್ವ ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ಮಗನ ಕಡೆ ತಿರುಗಿದರು. "ಏನದು ಇವ್ರು ಕೇಳೂದು?"

"ಅವರ ದೇಶದ ಪುಸ್ತಕ ಅವ್ವ. ನಮ್ಮ ತಿಜೋರ್ಯಾಗ ಐತಿ."

"ಅವರ ಪುಸ್ತಕ ನಮ್ಮ ತಿಜೋರ್ಯಾಗ ಯಾಕೈತಿ?"

ಅಷ್ಟು ದೊಡ್ಡ ಚೇರ್ಮನ್ನರು ಸಾಲೆಯ ಹುಡುಗನ ಹಾಗೆ ನಿಂತಿದ್ದರು. ಆಮೇಲೆ ಮೆಲ್ಲಗೆ, "ಮನಿ ಮಂದಿ ಅಂತ ಇಟ್ಟಕೊಂಡಿದ್ದೆ ಅವ್ವ. ಅವರ ತಾಯಿ ಸುದ್ದಿ ನನಗ್ಯಾರೂ ಹೇಳಿಲ್ಲ, ನಿನ್ನಾಣೆ," ಎಂದರು. ಹಾಗೆನ್ನುತ್ತಲೇ ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. "ಮಾಸ್ತರ, ನಿಮಗ ಗೊತ್ತಿತ್ತೇನ್ರಿ ಇದು?"

ಬಾಗಿಲ ಬಳಿ ನಿಂತಿದ್ದ ದಸ್ತಗೀರ ತಲೆ ತಗ್ಗಿಸಿದ. ನಾನು ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಕೂತಿದ್ದ ಸಾಹೇಬರು ಹೇಳಿದರು:

"ಮಾಸ್ತರಗ ಗೊತ್ತಿಲ್ರಿ. ನಾ ಅವರಿಗೆ ಹೇಳಿದ್ದಿಲ್ಲ."

ಅವರು ಕನ್ನಡದಲ್ಲಿ ಆಡಿದ ಮೊದಲ ಸುಳ್ಳು ಅದು. ನನ್ನ ಸಲುವಾಗಿ ಆಡಿದ್ದು.

ಚೇರ್ಮನ್ನರು ತಾವೇ ಹೋಗಿ ತಿಜೋರಿ ತೆಗೆದು, ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟರು. ಅಂದೇ ಟಿಕೇಟಿನ ವ್ಯವಸ್ಥೆಗೆ ಮನುಷ್ಯರನ್ನು ಓಡಿಸಿದರು. ಮೂರನೆಯ ದಿನ ಮಧ್ಯಾಹ್ನ ಬೆಳಗಾವಿಯಿಂದ ಮುಂಬಯಿಯ ಬಸ್ಸಿಗೆ ಕೂರಿಸಲು ನಾನೂ ದಸ್ತಗೀರನೂ ಹೋದೆವು. ದಸ್ತಗೀರ ಪೆಟ್ಟಿಗೆಯನ್ನು ಮೇಲೆ ಹಾಕಿಸಲು ಹೋದಾಗ ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ, ಕ್ಷಮಿಸಿ ಎಂದೆ, ನೌಕರಿ ಎಂದೆ, ಹೆದರಿಕೆ ಎಂದೆ.

ಅವರು ನನ್ನ ತೋಳು ಮುಟ್ಟಿ, "ಹೋಗ್ಲಿ ಬಿಡ್ರಿ ಮಾಸ್ತರ," ಎಂದರು. ನಾನು ಮತ್ತೆ ಇಂಗ್ಲಿಷಿನಲ್ಲಿ ಏನೋ ಕೇಳಿದೆ. ಅವರು ಮತ್ತೆ ಕನ್ನಡದಲ್ಲೇ, "ಆರಾಮ ಇರ್ರಿ. ಕೂಸಿನ್ನ ಛಲೋತ್ನಂಗ ನೋಡ್ಕೋರಿ," ಎಂದರು. ಬಸ್ಸು ಹೊರಡುವ ತನಕ ಅವರು ನನ್ನೊಡನೆ ಒಂದು ಮಾತೂ ಇಂಗ್ಲಿಷಿನಲ್ಲಿ ಆಡಲಿಲ್ಲ.

ಎರಡು ತಿಂಗಳ ಮೇಲೆ ಒಂದು ಸಂಜೆ ದಸ್ತಗೀರ ನನ್ನ ಮನೆಗೆ ಬಂದ. ಕೈಯಲ್ಲಿ ಪರದೇಶದ ಸ್ಟಾಂಪು ಹಚ್ಚಿದ ಲಕೋಟೆ. ಇಂಗ್ಲಿಷ್ ಓದಿ ಹೇಳುವವಳು ಅವನ ತಂಗಿ, ಕಾಲೇಜಿಗೆ ಹೋಗುತ್ತಿದ್ದಳು. ಅವಳು ಓದುತ್ತಾಳೆಂದೇ ಸಾಹೇಬರು ಬರೆದಿದ್ದರು. ಆ ವಾರ ಅವಳು ಹುಬ್ಬಳ್ಳಿಗೆ ಹೋಗಿದ್ದಳು. ಇವನಿಗೆ ತಡೆಯಲಾಗಲಿಲ್ಲ.

"ಓದ್ರಿ ಸರ. ಏನ್ ಬರದಾರ?"

ಎರಡೇ ಪುಟ. ಮೊದಲು ಕಣ್ಣಲ್ಲೇ ಓದಿದೆ. ಆಮೇಲೆ ಓದಿ ಹೇಳಿದೆ, ಒಂದು ಮಾತನ್ನೂ ಬಿಡಲಿಲ್ಲ, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಹೊಸ ನೌಕರಿಯಲ್ಲಿ ಎಡಗಡೆಯ ಚೆಂಡಿಗೆ ಬೇಗ ಬೀಳುವುದನ್ನು ಬಿಡಬೇಕೆಂದು ಬರೆದಿದ್ದರು. ಇನ್ನು ಮುಂದೆ ಎಲ್ಲಿಗೂ ಹೋಗುವುದಿಲ್ಲ, ಊರಿನ ಮಕ್ಕಳಿಗೇ ಆಟ ಕಲಿಸುತ್ತೇನೆ ಎಂದು ಬರೆದಿದ್ದರು. ಆಮೇಲೆ ಹೀಗಿತ್ತು: "ನಾನು ಬಂದು ತಲುಪುವ ಆರು ದಿನ ಮೊದಲು ಅವ್ವ ಹೋದಳು. ಕೊನೆಯ ತನಕ ಬಾಗಿಲು ನೋಡುತ್ತಿದ್ದಳೆಂದು ತಂಗಿ ಹೇಳಿದಳು. ಈ ವಿಷಯವನ್ನು ಮಾಸ್ತರರಿಗೆ ಹೇಳಬೇಡ. ಕೇಳಿದರೆ, ಅವ್ವ ಆರಾಮ ಇದ್ದಾಳೆ ಎಂದು ಹೇಳು."

ಓದುವುದು ಮುಗಿಯಿತು. ದಸ್ತಗೀರ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಲಕೋಟೆಯಲ್ಲಿಟ್ಟ. ಎದ್ದು ಚಪ್ಪಲಿ ಮೆಟ್ಟಿಕೊಂಡ. ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದ:

"ಸರ, ಸಾಹೇಬ್ರ ಅವ್ವ ಆರಾಮ ಅದಾಳಂತ್ರಿ."